ಡಿಸೆಂಬರ್ ಹೂವಿನ ಕಷಾಯ

“ಮಾತ್ರೆ ಯಾಕೆ ನಿಲ್ಸಿದ್ರಿ ಅತ್ತಿಗೆ?”

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನನ್ನೆದುರಿನ ಬೆಂಚಿನಲ್ಲಿ ಮಗಳು, ಸೊಸೆ ಕೂತಿದ್ದರು. ನಡುವೆ ಮರೆವಿನ ಕಾಯಿಲೆಯ ಅಜ್ಜಿ.

“ಡಾಕ್ಟ್ರೇ ಹೇಳಿದ್ರಲ್ಲ, ಈ ಮಾತ್ರೆಯ ಔಷಧಿ ಚಳಿಗಾಲದಲ್ಲಿ ಅರಳೋ ಹೂವಿನ ಗೆಡ್ಡೇಲಿ ಸಿಕ್ಕಿದ್ದು ಅಂತ. ನಮ್ಮ ಕ್ವಾರ್ಟರ್ಸ್ ಹಿಂದೆ ಡಿಸೆಂಬರ್ ಹೂ ತುಂಬಿದೆ. ಅದರ ಬೇರಿನ ಕಷಾಯ ಕೊಟ್ಟೆ.”

“ಅದು ಮುಡಿಯೋ ಹೂ. ಅವರು ಹೇಳಿದ್ದು ಹಿಮ ಬೀಳೋ ದೇಶದ್ದು.”

“ಚಳಿ ಅಂದ್ರೆ ಚಳಿ ಅಲ್ವಾ ಮಾರಾಯ್ತಿ? ಅತ್ತೆ ಮಾತ್ರೆ ಉಗೀತಿದ್ರು, ಕಷಾಯ ಕುಡೀತಿದ್ರು. ನೀನೇ ಬಂದು ನುಂಗಿಸಬಹುದಿತ್ತು.”

“ದೀಪಾವಳಿಗೆ ಬಂದಾಗ ಅಮ್ಮ ನನ್ನ ಹೆಸರು ಹಿಡಿದು ಕರೆದಿದ್ಲು. ಇವತ್ತು ನೀನ್ಯಾರು ಅಂದ್ಲು.”

ಸೊಸೆ ಅಜ್ಜಿಯ ಸೆರಗು ಸರಿಮಾಡಿದಳು.

“ದುರ್ಗಮ್ಮ, ಕಾಗದನಗರ,” ಎಂದು ನರ್ಸ್ ಕೂಗಿದರು. ಮಗಳು, ಸೊಸೆ ಎದ್ದರು. ಆ ದುರ್ಗಮ್ಮ ಯಾರಿರಬಹುದೆಂದು ಅಜ್ಜಿ ಸುತ್ತ ನೋಡಿದರು.