ಒಂಬತ್ತಕ್ಕೆ ನಿಲ್ಲುವ ಲೆಕ್ಕ

ದೀಪ ಸ್ವಲ್ಪ ಸಣ್ಣದು ಮಾಡಿ... ಇದು ಜೋರಾಗಿ ಹೇಳೋ ಮಾತಲ್ಲ.

ನನ್ನ ದೊಡ್ಡಪ್ಪನ ಮಗ ನಮ್ಮೂರ ಶಾಲೆಯ ಜವಾನನಾಗಿದ್ದ. ಮಕ್ಕಳು ಗಂಟೆಯಣ್ಣ ಅಂತಿದ್ದರು. ನಾನು ಅಲ್ಲಿ ಮೂರನೇ ಕ್ಲಾಸನ್ನೇ ಎರಡು ಸಲ ಓದಿ, ಆಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಊರಿಗೆ ಬಂದರೆ ಅವನ ಮನೆಯಲ್ಲೇ ಬಿದ್ದುಕೊಳ್ಳೋದು.

ಹೋದ ವರ್ಷ ಒಂದು ರಾತ್ರಿ ಅವನು ಹಿಟ್ಟಿನ ಗಿರಣಿ ಕೆಲಸ ಮುಗಿಸಿ ನಡೆದು ಬರ್ತಿದ್ದ. ಶಾಲೆ ಮುಚ್ಚಿ ಆಗಲೇ ಎರಡು ವರ್ಷ. ಅದರ ಬಾವಿ ದಾಟುವಾಗ ರಾಟೆ ಕಿರ್ರ್... ಅಂತು. ಗಾಳಿ ಇರಲಿಲ್ಲ. ಆಮೇಲೆ ಬೀಗ ಹಾಕಿದ ಕೋಣೆಯೊಳಗಿಂದ ಒಂದು ಸಣ್ಣ ಧ್ವನಿ.

ಒಂದು... ಎರಡು... ಮೂರು...

ಒಂಬತ್ತಕ್ಕೆ ನಿಂತಿತು. ಬಳಪ ಟಕ್ ಅಂತ ಬಿತ್ತು. ಮತ್ತೆ ಒಂದರಿಂದ.

ಅವನ ಜೀವ ಬಾಯಿಗೆ ಬಂತು. ಯಾಕೆ ಅಂತ ಹೇಳ್ತೀನಿ. ಇಲಾಖೆಯ ಸಾಹೇಬರು ತಲೆ ಎಣಿಸಲು ಬಂದ ದಿನ ಶಾಲೆಯಲ್ಲಿ ಒಂಬತ್ತೇ ಮಕ್ಕಳು. ಹತ್ತು ಮಕ್ಕಳಿದ್ದರೆ ಶಾಲೆ ಉಳಿಯುತ್ತಿತ್ತು. ದರ್ಜಿಯ ಮಗಳು ಜ್ವರ ಅಂತ ಬಂದಿರಲಿಲ್ಲ. ಎತ್ತಿಕೊಂಡಾದರೂ ಬಾ ಅಂತ ಮೇಷ್ಟ್ರು ಗಂಟೆಯಣ್ಣನನ್ನು ಓಡಿಸಿದರು. ದಾರಿಯಲ್ಲಿ ನಾನು ಸಿಕ್ಕೆ. ಇಬ್ಬರೇ ಇಸ್ಪೀಟಿಗೆ ಕೂತೆವು. ಒಂದೇ ಆಟ ಅಂದವನು ನಾನೇ... ಮೂರಾಯಿತು. ವಾಪಸ್ ಹೋಗಿ, ಮನೆಗೆ ಬೀಗ ಹಾಕಿತ್ತು ಸಾರ್ ಅಂದುಬಿಟ್ಟ.

ಶಾಲೆ ಮುಚ್ಚಿತು. ಮಕ್ಕಳು ಹಳ್ಳ ದಾಟಿ ಪಕ್ಕದೂರಿಗೆ ಹೋಗಬೇಕಾಯಿತು. ಮೊದಲ ಮಳೆಗೇ ಹಳ್ಳ ಆ ಹುಡುಗಿಯನ್ನು ಒಯ್ದಿತು.

ಆ ರಾತ್ರಿ ಗಂಟೆಯಣ್ಣ ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದನಂತೆ, "ಹತ್ತು."

ಒಳಗಿಂದ, ತೀರಾ ಹತ್ತಿರದಿಂದ, "ಜ್ವರ ಬಿಟ್ಟಿತ್ತು ಅಣ್ಣಾ. ಜಡೆ ಹಾಕಿಸ್ಕೊಂಡು ಬಾಗಿಲಲ್ಲೇ ಕೂತಿದ್ದೆ."

"ಬಂದಿದ್ದೆ ಕಣಮ್ಮಾ... ಬೀಗ ಹಾಕಿತ್ತು."

ಸತ್ತವಳ ಮುಂದೂ ಅದೇ ಸುಳ್ಳು. ಒಳಗೆ ಬೋರ್ಡಿನ ಮೇಲೆ ಸೀಮೆಸುಣ್ಣ ಕೀರ್... ಕೀರ್...

ಬೆಳಗ್ಗೆ ನನ್ನನ್ನು ಎಬ್ಬಿಸಿ ಇಷ್ಟು ಹೇಳಿದ. ಗಿರಣಿಯಲ್ಲಿ ಹಿಟ್ಟು ಬೀಸ್ತೀಯೋ ಹೆಂಡ ಇಳಿಸ್ತೀಯೋ ಅಂತ ರೇಗಿಸುತ್ತಲೇ ಜೊತೆಗೆ ಹೋದೆ. ತುಕ್ಕು ಹಿಡಿದ ಬೀಗ. ಕಲ್ಲೆತ್ತಿ ಒಡೆದವನು ನಾನು. ನೆಲದ ಧೂಳಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ.

ನಂಬದಿದ್ದರೆ ಬಿಡಿ, ನಾನು ಕಣ್ಣಾರೆ ಕಂಡದ್ದು. ಬೋರ್ಡಿನ ಮೂಲೆಯಲ್ಲಿ ಮಗುವಿನ ಸೊಟ್ಟ ಅಕ್ಷರ, ಬೆರಳಿಟ್ಟರೆ ಪುಡಿ ಅಂಟುತ್ತಿತ್ತು:

ಗೈರುಹಾಜರು ಇಬ್ಬರು.