ಹರಿದ ಪ್ರಶ್ನೆಪತ್ರಿಕೆ

ಬಸ್ ನಿಲ್ದಾಣದ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಔಷಧಿ ಅಂಗಡಿಯವನ ಪಕ್ಕ ಗಂಡ ಹೆಂಡತಿ ಬಂದು ಕೂತರು. ಗಂಡ ಈಗಷ್ಟೇ ಮಗಳ ಶಾಲೆಯಿಂದ ಬಂದಿದ್ದ. ಹೆಂಡತಿ ಹೊಲಿಗೆ ಅರ್ಧಕ್ಕೇ ಬಿಟ್ಟು ಮನೆಯಿಂದ ಬಸ್ಸು ಹತ್ತಿ ಓಡಿ ಬಂದವಳು. ಅಳತೆಪಟ್ಟಿ ಇನ್ನೂ ಕೊರಳಲ್ಲಿತ್ತು. ಕಂಡವರ ಮಾತು ನನಗ್ಯಾಕೆ ಎಂದು ಅಂಗಡಿಯವನು ಪೇಪರಿನಲ್ಲಿ ಮುಖ ಹುದುಗಿಸಿದ. ಕಿವಿಗೆ ಪೇಪರು ಅಡ್ಡ ಬರಲಿಲ್ಲ.

“ಟೀಚರ್ ಯಾಕಂತ್ರೀ ಕರೆಸಿದ್ದು?”

“ಪ್ರಶ್ನೆಪತ್ರಿಕೆ ಹರಿದಿದ್ದಕ್ಕೇ.”

“ನೋಡಿದ್ರಾ! ಅದಕ್ಕೇ ನಿನ್ನೆ ಬೆನ್ನಿಗೊಂದು ಕೊಟ್ಟೆ. ಬೆಳಿಗ್ಗೆ ಮಾತೂ ಆಡದೆ ಹೋದ್ಲು.”

“ಪೂರ್ತಿ ಕೇಳೇ. ಓರೆಯಾಗಿ ವಾಲಿದ ಆಯತದಂಥ ಚಿತ್ರ ಕೊಟ್ಟು ವಿಸ್ತೀರ್ಣ ಕೇಳಿದ್ರಂತೆ. ಆ ಪಾಠ ಇನ್ನೂ ಆಗಿಲ್ಲ, ಆಯತದ್ದು ಮಾತ್ರ ಆಗಿದೆ. ಮಿಕ್ಕ ಮಕ್ಕಳೆಲ್ಲ ಪೆನ್ಸಿಲ್ ಕಚ್ಕೊಂಡು ಕೂತ್ರಂತೆ.”

“ಇವಳು?”

“ಈ ತುದಿಯ ಓರೆ ತುಂಡು ಹರಿದು ಆ ತುದಿಗೆ ಜೋಡಿಸಿದ್ಲು. ನೆಟ್ಟಗೆ ಆಯತ ಆಯ್ತು. ಗುಣಿಸಿ ಬರೆದ್ಲು.”

ಹೆಂಡತಿಯ ಕೈ ಕೊರಳಿನ ಅಳತೆಪಟ್ಟಿಗೆ ಹೋಯಿತು.

“ಬಟ್ಟೆ ಸಾಲದಿದ್ರೆ ನಾನು ಮಾಡೋದೂ ಅದೇ ಅಲ್ವೇನ್ರೀ?”

“ಅವಳೂ ಟೀಚರ್‌ಗೆ ಹಾಗೇ ಅಂದ್ಲಂತೆ, ನಮ್ಮಮ್ಮ ಹೀಗೇ ಮಾಡೋದು ಅಂತ. ಇವತ್ತು ಕೊನೇ ಪೀರಿಯಡ್‌ನಲ್ಲಿ ದೊಡ್ಡ ಕ್ಲಾಸಿನವರಿಗೆ ಅವಳೇ ಮಾಡಿ ತೋರಿಸ್ತಾಳೆ. ಅದನ್ನ ಹೇಳೋಕೇ ಕರೆಸಿದ್ದು.”

ಬಸ್ಸು ಬಂತು. ಗಂಡ ಎದ್ದ. ಹೆಂಡತಿ ಅವನ ತೋಳು ಹಿಡಿದಳು.

“ಅದು ಮನೆ ಕಡೆ ಹೋಗೋದು. ನಡೀರಿ, ಶಾಲೆಗೆ.”

“ಹೊಲಿಗೆ?”

“ಗಿರಾಕಿ ಕಾಯ್ಲಿ. ಮೊದಲು ಆ ಬೆನ್ನು ಸವರ್ಬೇಕು. ಆಮೇಲೆ ಹಿಂದಿನ ಬೆಂಚಲ್ಲಿ ಕೂತು ನನ್ನ ಮಗಳ ಪಾಠ ಕೇಳ್ಬೇಕು.”

ಅವಳು ಮುಂದೆ, ಗಂಡ ಹಿಂದೆ ರಸ್ತೆ ದಾಟಿದರು. ಅಂಗಡಿಯವನು ಪೇಪರು ಇಳಿಸಿ ನೋಡಿದ. ಅವನ ಬಸ್ಸೂ ಅದೇ ಆಗಿತ್ತು, ಹೋಗಿಬಿಟ್ಟಿತ್ತು.