ಆರನೇ ದೀಪ ಯಾರ ಕೈಗೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ... ಯಾವ ನಿಸ್ಸಿಮ್? ... ಓ, ನಮ್ಮ ವಿದಾ ಅಕ್ಕನ ಮಗನಾ. ಜೋಯಾ ಚಿಕ್ಕಮ್ಮ ಅಂತ ಮೊದಲೇ ಕರೀಬಾರ್ದೇನೋ, ಮೇಡಂ ಅಂದ್ರೆ ಬೇರೆ ಯಾರಿಗೋ ಅನ್ಕೊಂಡೆ. ಸಮಿತಿ ಅಧ್ಯಕ್ಷ ಆದ್ಮೇಲೆ ಧ್ವನಿನೂ ದಪ್ಪ ಆಗಿದೆ. ಬೇಗ ಹೇಳಪ್ಪಾ, ಒಲೆ ಮೇಲೆ ಬದನೆಕಾಯಿ ಸುಡ್ತಾ ಇದೀನಿ.

...

ಹಾಂ, ನಾಳೆ ಸಂಜೆ. ನಾಜಿಗಳ ಕೈಲಿ ಸತ್ತ ನಮ್ಮ ಯೆಹೂದಿಗಳನ್ನ ನೆನೆಯೋ ದಿನ, ಮರೆಯುತ್ತಾ? ಐದು ಮೇಣದ ಬತ್ತಿ ಬದುಕಿ ಉಳಿದ ನಾವು ಹಚ್ಚೋದು, ಆರನೇದು ನಮ್ಮನ್ನ ಕಾಪಾಡಿದವರ ಕಡೆಯವರು. ಈ ಸಲ ನಮ್ಮನ್ನ ದೋಣೀಲಿ ದಾಟಿಸಿದ ಮೀನುಗಾರನ ಮಗಳು ಸ್ತಮಾತಿಯಾ ಅಲ್ವಾ. ನಾನೇ ಹೋಗಿ ಅವಳಿಗೊಂದು ಒಳ್ಳೇ ಶಾಲು ಕೊಡಿಸಿ ಬಂದಿದೀನಿ.

...

ಏನಂದೆ? ... ಇನ್ನೊಂದ್ ಸಲ ಹೇಳು. ... ಮಂತ್ರಿ ಹಚ್ತಾರಾ? ಆರನೇದನ್ನಾ? ಯಾಕೆ, ಅವರಪ್ಪ ಯಾರನ್ನ ಬಚ್ಚಿಟ್ಟಿದ್ದ?

...

ಸಿಟ್ಟೇನಿಲ್ಲ ಕಣೋ, ಕೇಳ್ದೆ ಅಷ್ಟೆ. ಟಿವಿಯೋರು ಬರ್ತಾರೆ, ಸರಿ. ಚುನಾವಣೆ ಹತ್ರ ಇದೆ, ಅದೂ ಸರಿ. ಸ್ತಮಾತಿಯಾ ಏನ್ ಮಾಡ್ಬೇಕು? ... ಎರಡನೇ ಸಾಲಲ್ಲಿ ಕೂರಿಸಿ ಹೂಗುಚ್ಛ ಕೊಡ್ತೀರಾ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಚೆನ್ನಾಗಿ ಕಲಿತಿದೀಯ.

...

ಅವಳು ಒಪ್ಪಿದ್ಲಾ? ಒಪ್ಪದೆ ಏನ್ ಮಾಡ್ತಾಳೆ. ಗ್ರೀಸ್ ಬಿಟ್ಟು ಈ ಮೊಂಟೆವಿಡಿಯೋ ಊರಿಗೆ ಬಂದಾಗಿಂದ ಬಂದರಿನ ಮಾರ್ಕೆಟ್ಟಲ್ಲಿ ಮೀನು ಕರೀತಾ ನಿಂತವಳು. ನೀನು ಸೂಟು ಹಾಕ್ಕೊಂಡು ಹೋಗಿ ಕೇಳಿದ್ರೆ ಇಲ್ಲ ಅಂತಾಳಾ? ಅವರಪ್ಪನೂ ಹಂಗೇ ಇದ್ದ. ನಮ್ಮಪ್ಪ ದೋಣಿ ಬಾಡಿಗೆಗೆ ಅಂತ ಮದುವೆ ಉಂಗುರ ಬಿಚ್ಚಿ ಕೊಡೋಕೆ ಹೋದ್ರೆ, ಬೆರಳಲ್ಲೇ ಇರ್ಲಿ ಬಿಡಿ ಅಂದಿದ್ದ.

...

ಹೌದು, ದೋಣಿ ವಿಷಯ ಪ್ರತಿ ವರ್ಷ ಹೇಳ್ತೀನಿ. ಗ್ರೀಸಿಂದ ಟರ್ಕಿ ಕಡೆಗೆ, ನಿಮ್ಮಮ್ಮನೂ ಸೇರಿ ನಮ್ಮನೆಯವರೆಲ್ಲಾ ಮೀನಿನ ಬಲೆ ಕೆಳಗೆ. ಜರ್ಮನ್ ಸಿಪಾಯಿಗಳು ತಡೆದ್ರು, ನೋಡಿದ್ರು, ಬಿಟ್ಟುಬಿಟ್ರು. ಯಾಕೆ ಬಿಟ್ರು ಅಂತ ಯಾವತ್ತಾದ್ರೂ ಕೇಳಿದೀಯಾ?

...

ದೇವರ ದಯೆ ಅಂತೆ. ದೇವರು ಬಂದು ಬಲೆ ಮೇಲೆ ಕೂತಿದ್ನಾ? ಅಲ್ಲಿ ಕೂತಿದ್ದು ಒಂದು ಹೆಣ್ಣುಮಗು ಕಣೋ, ಆರು ವರ್ಷದ್ದು. ಯಾರಿಗೂ ಅನುಮಾನ ಬರ್ಬಾರ್ದು ಅಂತ ಹೆತ್ತ ಮಗಳನ್ನೇ ನಮ್ಮ ಮೇಲೆ ಕೂರಿಸಿ, ಕೈಗೆ ಬ್ರೆಡ್ಡು ಕೊಟ್ಟಿದ್ದ. ಅವಳ ಹಿಮ್ಮಡಿ ನನ್ನ ಭುಜಕ್ಕೆ ಒತ್ತಿತ್ತು. ನನಗೆ ನಡುಕ ಬಂದು ಬಲೆ ಅಲ್ಲಾಡಿದಾಗ, ಅವಳು ಕಾಲು ಕುಣಿಸ್ತಾ ಹಾಡೋಕೆ ಶುರು ಮಾಡಿದ್ಲು. ಸಿಕ್ಕಿಬಿದ್ದಿದ್ರೆ ಅವಳನ್ನೂ ಬಿಡ್ತಿರ್ಲಿಲ್ಲ. ಅದು ಅವಳಿಗೆ ಗೊತ್ತಿತ್ತು.

...

ಹಾಂ, ಅವಳೇ. ಸ್ತಮಾತಿಯಾನೇ. ... ಅಪ್ಪನ ಹೆಸರು ಹೇಳು, ನನ್ನದು ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ಇವತ್ತು ಮುರಿದೆ, ಪಾಪ ಬಂದ್ರೆ ನನಗೇ ಬರ್ಲಿ. ಬಂದೂಕಿನ ಎದುರು ಮೊದಲನೇ ಸಾಲಲ್ಲಿ ಕೂತಿದ್ದವಳನ್ನ ಈಗ ಎರಡನೇ ಸಾಲಿಗೆ ಕಳಿಸ್ತೀಯಾ?

...

ಆಹ್ವಾನ ಪತ್ರಿಕೆ ಅಚ್ಚಾಗಿದ್ರೆ ಆಗ್ಲಿ, ಅದನ್ನ ಓದೋಕೆ ನಾನು ಬರ್ತಿಲ್ಲ. ಅವಳ ಕೈ ಹಿಡ್ಕೊಂಡು ವೇದಿಕೆ ಹತ್ತೀನಿ. ಮೈಕು ಕಿತ್ಕೊಂಡ್ರೆ ಕಿತ್ಕೋ, ನನ್ನ ಗಂಟಲು ಇನ್ನೂ ಗಟ್ಟಿ ಇದೆ. ತಡೆಯೋಕೆ ಬೇಕಾದ್ರೆ ನಿಮ್ಮಮ್ಮನ್ನೇ ಕಳ್ಸು. ಅವಳು ಬಂದು ನನ್ನ ಪಕ್ಕದಲ್ಲೇ ನಿಲ್ತಾಳೆ ನೋಡ್ತಿರು.

...

ಏನು? ... ದೀಪ ಕೊಡದಿದ್ರೆ ಮಂತ್ರಿ ಬರೋದೇ ಇಲ್ಲ ಅಂತಿದಾರಾ?

...

ಬರದಿದ್ರೆ ಬಿಡ್ಲಿ ಮಗಾ. ಆವತ್ತೂ ಯಾವ ಮಂತ್ರಿನೂ ಬಂದಿರ್ಲಿಲ್ಲ. ಒಬ್ಬ ಮೀನಿನವನು ಬಂದ, ಅವನ ಮಗಳು ಬಂದ್ಲು, ನಾವು ಬದುಕಿದ್ವಿ. ನಾಳೆ ನೀನು ಬಾಗಿಲಲ್ಲಿ ನಿಂತು ಅವಳನ್ನ ಒಳಗೆ ಕರ್ಕೊಂಡು ಬರ್ತೀಯೋ ಇಲ್ವೋ, ಅದಷ್ಟು ಹೇಳು... ನಿಸ್ಸಿಮ್? ... ಏನೋ, ಕೇಳಿಸ್ತಾ ಇದ್ಯಾ? ಹಲೋ... ಲೈನು ಕಟ್ಟಾಯ್ತಾ?